ಉಪ್ಪಿನ ರಾಶಿಯ ಮೇಲೆ ಎಂಜಿನು

ಕಂಪನಿ ಬಾಗಿಲು ಹಾಕಿಕೊಂಡು ಹೋದ ಮೇಲೂ ಅದರ ಕಾರು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರಿದ್ದಾರಲ್ಲ, ಅವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬಿಡಿಭಾಗ ಸಿಗುವುದಿಲ್ಲ, ಸಿಕ್ಕರೂ ಹೊಂದುವುದಿಲ್ಲ, ಹೊಂದಿದರೂ ಬಾಳುವುದಿಲ್ಲ. ಕೊನೆಗೆ ಬೈಗುಳವೆಲ್ಲ ಗ್ಯಾರೇಜಿನವನ ಪಾಲಿಗೆ. ಮೊಬೈಲು ಎಲ್ಲರ ಕೈಗೆ ಬಂದಿದ್ದರೂ ಅದರಲ್ಲಿ ಫೋಟೊ ತೆಗೆದು ಕಳಿಸುವ ರೂಢಿ ನಮ್ಮ ಕಡೆ ಇನ್ನೂ ಬಾರದಿದ್ದ ಕಾಲ. ರಾಯಬಾಗದ ನನ್ನ ಗ್ಯಾರೇಜಿಗೆ ಅಂಥದೊಂದು ಸಣ್ಣ ಪೆಟ್ರೋಲ್ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ಎಳೆದು ತಂದರು. ಬಾನೆಟ್ ಎತ್ತಿ ನೋಡಿದೆ. ಕನೆಕ್ಟಿಂಗ್ ರಾಡು ಮುರಿದು, ಬ್ಲಾಕಿನ ಪಕ್ಕೆ ಒಡೆದು, ಒಳಗೆ ಕೈ ಹಾಕುವಷ್ಟು ದೊಡ್ಡ ತೂತು ಬಿದ್ದಿತ್ತು.

ಕಾರು ಪಾಲಬಾವಿ ಕಡೆಯ ಒಬ್ಬ ಮಾಸ್ತರರದು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ಎರಡೂ ಮೂತ್ರಪಿಂಡ ಕೆಟ್ಟ ಮೇಲೆ ರಜೆ ಹಾಕಿ ಮನೆ ಹಿಡಿದಿದ್ದರು. ಹೆಂಡತಿ ಸರಕಾರಿ ಆಸ್ಪತ್ರೆಯಲ್ಲಿ ನರ್ಸು, ಊರಿಗೆಲ್ಲ ‘ಸಿಸ್ಟರ್’. ವಾರಕ್ಕೆರಡು ಸಲ ಆಕೆಯೇ ಕಾರು ಓಡಿಸಿಕೊಂಡು ಕುಡಚಿ, ಶಿರಗುಪ್ಪಿ, ಕಾಗವಾಡದ ಮೇಲೆ ಹಾಯ್ದು ಗಂಡನನ್ನು ಮಿರಜಿಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದರು. ಶಿರಗುಪ್ಪಿ ದಾಟುವಾಗ ನಡುದಾರಿಯಲ್ಲೇ ಎಂಜಿನು ಒಡೆದಿತ್ತು. ಮಾಸ್ತರು ಹಿಂದಿನ ಸೀಟಿನಿಂದ ಇಳಿದಿರಲೇ ಇಲ್ಲ. ಮುಂದೆ ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಪುಟ್ಟ ಬುದ್ಧನೊಬ್ಬನನ್ನು ಬಿಟ್ಟರೆ ಆ ಕಾರಿನಲ್ಲಿ ಯಾರಿಗೂ ಸಮಾಧಾನ ಇದ್ದಂತೆ ಕಾಣಲಿಲ್ಲ.

“ಇದು ಸತ್ತಂಗ ರೀ,” ಎಂದೆ. “ಗುಜರಿಗೆ ಹಾಕ್ರಿ. ಬ್ಯಾರೆ ಗಾಡಿ ನೋಡ್ರಿ.”

“ಬ್ಯಾರೆ ಗಾಡಿ ಕೇಳಾಕ ಬಂದಿಲ್ರಿ ಮಿಸ್ತ್ರಿ,” ಎಂದರು ಸಿಸ್ಟರ್. “ಇದನ್ನ ಚಾಲೂ ಮಾಡಿಸಾಕ ಬಂದೀನಿ. ಆಗತೈತೋ ಇಲ್ಲೋ, ಅಷ್ಟ ಹೇಳ್ರಿ.”

ಹಿಂದಿನ ಸೀಟಿನಿಂದ ಮಾಸ್ತರು ಬಾಯಿ ಹಾಕಿದರು. “ಅವಗೇನ್ ಕೇಳ್ತಿ? ಟ್ರ್ಯಾಕ್ಟರ್ ಬಿಟ್ರ ಅವಗೇನ್ ಗೊತ್ತೈತಿ?”

ಅದೊಂದು ಮಾತು ನನಗೆ ನೆತ್ತಿಗೇರಿತು. “ಆಗತೈತ್ರಿ,” ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ, ಸಿಟ್ಟಿನಲ್ಲಿ ಹೇಳಿದ್ದು. ಒಡೆದ ಬ್ಲಾಕು ರಿಪೇರಿಗೆ ಬರುವುದಿಲ್ಲ. ಅದೇ ಮಾಡೆಲಿನ ಇನ್ನೊಂದು ಎಂಜಿನು ಬೇಕು. ಕೊಲ್ಹಾಪುರ, ಸಾಂಗಲಿ, ಬೆಳಗಾವಿಯ ಗುಜರಿಗಳನ್ನೆಲ್ಲ ಜಾಲಾಡಿದೆ. ಸಿಗಲಿಲ್ಲ. ಕೊನೆಗೆ ಗುಜರಾತಿಗೆ ಬೆಲ್ಲ ಕಳಿಸುವ ನಮ್ಮೂರಿನ ಜೈನ ವ್ಯಾಪಾರಿಯೊಬ್ಬರು, ಅಲ್ಲಿ ತಾವು ಬೆಲ್ಲ ಇಳಿಸುವ ಪೇಟೆಯ ಹಿಂದೆಯೇ ಅಪಘಾತದ ಕಾರುಗಳನ್ನು ಬಿಚ್ಚಿ ಮಾರುವ ದೊಡ್ಡ ಅಂಗಳವಿದೆ ಎಂದರು. ಅವರ ಬೆಲ್ಲದ ಲಾರಿಯಲ್ಲೇ ಕೂತು ಹೋದೆ.

ಆ ಅಂಗಳದ ಮಾಲೀಕನಂಥ ಒರಟನನ್ನು ನಾನು ಕಂಡಿಲ್ಲ. ಮೊದಲು ಫಳಫಳ ಹೊಳೆಯುವ ಎಂಜಿನೊಂದನ್ನು ತೋರಿಸಿದ. ಬೋಲ್ಟುಗಳ ತಲೆಯ ಮೇಲೂ ಬೆಳ್ಳಿ ಬಣ್ಣ ಬಳಿದಿದ್ದ. ಹಾಗೆ ಬಣ್ಣ ಬಳಿದಿದ್ದಾರೆಂದರೆ ಒಳಗೆ ಮುಚ್ಚಬೇಕಾದ್ದು ಏನೋ ಇದೆ ಎಂದೇ ಅರ್ಥ. ಬೇಡವೆಂದೆ. ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಇನ್ನೊಂದರ ಹತ್ತಿರ ಹೋದೆ. ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಮೈ ನೋಡಿದೆ. ನೀರು ಬೆರೆತಿದ್ದರೆ ಮಜ್ಜಿಗೆಯಂಥ ಬಿಳಿ ಜಿಡ್ಡು ಕಟ್ಟುತ್ತದೆ, ಅದು ಇರಲಿಲ್ಲ. ಸ್ಪಾರ್ಕ್ ಪ್ಲಗ್ಗು ಬಿಚ್ಚಲು ಹೋದರೆ ಕೈ ಹಿಡಿದ.

“ಖರೀದನಾ ಹೈ ತೋ ಖರೀದೋ, ನಹೀ ತೋ ರಾಸ್ತಾ ನಾಪೋ.” ಕೊಳ್ಳುವುದಿದ್ದರೆ ಕೊಳ್ಳು, ಇಲ್ಲದಿದ್ದರೆ ದಾರಿ ಹಿಡಿ.

ನಾನೂ ಬಿಡಲಿಲ್ಲ. ಪ್ಲಗ್ಗು ಬಿಚ್ಚದೆ ಇಲ್ಲಿಂದ ಕದಲುವುದಿಲ್ಲ ಎಂದು ಅಲ್ಲೇ ಕೂತೆ. ಗಿರಾಕಿಗಳ ಎದುರು ರಂಪವಾಗುತ್ತದೆಂದು ಅವನೇ ತಣ್ಣಗಾದ. ಪ್ಲಗ್ಗು ತೆಗೆದು, ಆ ತೂತಿಗೆ ಹೆಬ್ಬೆರಳು ಒತ್ತಿ, ಇನ್ನೊಂದು ಕೈಯಲ್ಲಿ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕ್ರ್ಯಾಂಕು ತಿರುಗಿಸಿದೆ. ನಾಲ್ಕು ಸಿಲಿಂಡರುಗಳಲ್ಲೂ ಗಾಳಿ ಬೆರಳನ್ನು ಒದ್ದು ಹೊರಬಂತು. ಇದೇ ಸರಿ ಎಂದೆ.

ಕಳಿಸುವ ಮೊದಲು ಮಾಡಬೇಕಾದ್ದನ್ನೆಲ್ಲ ನಾನೇ ಮಾಡಿದೆ. ಹಳೆಯ ಎಣ್ಣೆ ಸುರಿದು ತೆಗೆದೆ. ಒಂದೊಂದು ಸಿಲಿಂಡರಿಗೂ ಹೊಸ ಎಣ್ಣೆ ಹನಿಸಿ, ಕ್ರ್ಯಾಂಕು ತಿರುಗಿಸಿ ಒಳಗೋಡೆಗೆಲ್ಲ ಸವರಿಸಿ ಪ್ಲಗ್ಗು ಬಿಗಿದೆ. ಗಾಳಿ ಹೋಗುವ ದಾರಿ, ಹೊಗೆ ಬರುವ ದಾರಿ ಎಲ್ಲಕ್ಕೂ ಮರದ ಬಿರಡೆ ಜಡಿದು, ಮೇಲೆ ಸೈಕಲ್ ಟ್ಯೂಬ್ ಕತ್ತರಿಸಿ ಕಟ್ಟಿದೆ. ಗ್ಯಾಸ್ಕೆಟ್ಟುಗಳ ಸೆಟ್ಟು, ಹೊಸ ಪಿಸ್ಟನ್ ರಿಂಗುಗಳು ಅಲ್ಲೇ ಸಿಕ್ಕವು, ಚೀಲಕ್ಕೆ ಹಾಕಿಕೊಂಡೆ. ಮರದ ಪೆಟ್ಟಿಗೆ ಕಟ್ಟಿಸಿ, ಪಾರ್ಸೆಲ್ ಲಾರಿಗೇ ಹಾಕಬೇಕು, ನಿಲ್ಲಿಸಿಯೇ ಇಡಬೇಕು ಎಂದು ಹೇಳಿ ರೈಲು ಹತ್ತಿದೆ.

ನನ್ನ ಬೆನ್ನು ತಿರುಗಿದ್ದೇ ತಡ, ಎಲ್ಲ ಉಲ್ಟಾ ಆಯಿತು. ಗುಜರಾತಿನಿಂದ ನಮ್ಮ ಕಡೆಗೆ ಬರುವ ಸಾಮಾನನ್ನೆಲ್ಲ ನಿಪ್ಪಾಣಿಯ ಒಬ್ಬ ಏಜೆಂಟ ನೋಡಿಕೊಳ್ಳುತ್ತಿದ್ದ. ಬೆಲ್ಲ ಒಯ್ದ ಲಾರಿ ಖಾಲಿ ಮರಳುವುದೆಂದರೆ ಇಲ್ಲಿಯವರಿಗೆ ಹೊಟ್ಟೆ ಸಂಕಟ. ಅದು ಉಪ್ಪು ತುಂಬಿಕೊಂಡೇ ಬರುತ್ತದೆ. ಪಾರ್ಸೆಲ್ ಲಾರಿ ಯಾಕೆ, ನಮ್ಮ ಲಾರಿ ಹೇಗೂ ಬರುತ್ತದಲ್ಲ ಎಂದು ಏಜೆಂಟ ಅಲ್ಲಿಗೆ ಫೋನು ಮಾಡಿದ್ದಾನೆ. ಪೆಟ್ಟಿಗೆ ಜಾಗ ತಿನ್ನುತ್ತದೆಂದು ಲಾರಿಯವರು ಅದನ್ನು ಒಡೆದು ಬಿಸಾಕಿ, ಎಂಜಿನಿಗೆ ಗೋಣಿ ಸುತ್ತಿ, ಹೊರಳದಿರಲಿ ಎಂದು ಸುತ್ತಲೂ ಖಡಿ ಉಪ್ಪು ಸುರಿದು ತುಂಬಿದ್ದಾರೆ. ಜೂನಿನ ಮಿರಗದ ಮಳೆ ಹಿಡಿದಿತ್ತು. ಉಪ್ಪಿಗೆ ಮಳೆಯೇ ಬೀಳಬೇಕೆಂದಿಲ್ಲ, ಗಾಳಿಯ ತೇವ ಸಾಕು, ತಾನೇ ಒಸರುತ್ತದೆ.

ಬಂತೆಂದು ಸುದ್ದಿ ತಿಳಿದು ನಿಪ್ಪಾಣಿಗೆ ಹೋದೆ. ಗೋದಾಮಿನ ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಎಂಜಿನು ಉಪ್ಪಿನ ರಾಶಿಯ ಮೇಲೆ ಅಡ್ಡ ಬಿದ್ದಿತ್ತು, ಅರ್ಧ ಹೂತು ಹೋಗಿತ್ತು. ಉಪ್ಪು ಇಳಿಸಿದ ಹಮಾಲರು ಅದನ್ನು ಮುಟ್ಟದೆ ಬಿಟ್ಟಿದ್ದಕ್ಕೆ, ಊರು ಸೇರುವ ಅವಸರದಲ್ಲಿದ್ದ ಡ್ರೈವರನೇ ಹಾರೆಯಿಂದ ಮೀಟಿ ಲಾರಿಯಿಂದ ಕೆಡವಿ ಹೋಗಿದ್ದ. ಸುತ್ತಿದ ಗೋಣಿ ತೊಪ್ಪೆಯಾಗಿತ್ತು. ಮರದ ಬಿರಡೆಗಳಲ್ಲಿ ಒಂದು ಕಾಣಲಿಲ್ಲ.

ಏಜೆಂಟನ ಮೇಲೆ ಹರಿಹಾಯ್ದೆ. ಅವನು ನನಗಿಂತ ಜೋರು. “ನಿಮಗ ಉಪಕಾರ ಮಾಡಿದ್ನಿ, ನನ್ನ ಮ್ಯಾಲ ಏರಿ ಬರ್ತೀರಿ? ಒಯ್ರಿ ನಿಮ್ಮ ಎಂಜಿನ್, ಯಾರ್ ಬ್ಯಾಡಂದಾರ?”

ಒಯ್ಯುವುದು ಹೇಗೆ? ಉಪ್ಪಿನ ಹಮಾಲರ ಮುಕಾದಮ, ಮೀಸೆ ನರೆತ ಗಟ್ಟಿಮುಟ್ಟಾದ ಮನುಷ್ಯ, ಬಾಗಿಲಿಗೆ ಅಡ್ಡ ಕೂತಿದ್ದ. ನನ್ನ ಕಡೆ ನೋಡದೆಯೇ ಮರಾಠಿಯಲ್ಲಿ ಹೇಳಿದ. “ಮೀಠ ಆಮಚ, ಲೋಖಂಡ ತ್ಯಾಂಚ.” ಉಪ್ಪು ನಮ್ಮದು, ಕಬ್ಬಿಣ ಅವರದು. ಅವರೆಂದರೆ ಕಬ್ಬಿಣ ಹೊರುವ ಇನ್ನೊಂದು ಟೋಳಿಯ ಹಮಾಲರು. ಅವರನ್ನು ಕರೆದರೆ, ಉಪ್ಪಿನ ಟೋಳಿಯ ಗೋದಾಮಿನಲ್ಲಿ ಕಾಲಿಡುವುದಿಲ್ಲ ಎಂದರು. ಕಾಲಿಟ್ಟರೆ ಉಪ್ಪಿನವರು ಸುಮ್ಮನಿರುತ್ತಿರಲಿಲ್ಲ ಅನ್ನುವುದೂ ನಿಜ. ಇನ್ನು ನಾನು ಹೊರಗಿನಿಂದ ಆಳು ತಂದು ಎತ್ತಿಸಿದರೆ ಎರಡೂ ಟೋಳಿಗಳು ಜಗಳ ಮರೆತು ಒಂದಾಗಿ ನನ್ನನ್ನು ಹೊಡೆಯುತ್ತಿದ್ದವು. ಎರಡೂ ಟೋಳಿಗೆ ಹಮಾಲಿ ಕೊಡುತ್ತೇನೆ ಎಂದೆ. ಮುಕಾದಮ ನಕ್ಕ.

“ಹಮಾಲಿದಲ್ಲರಿ ಪ್ರಶ್ನಾ. ಇವತ್ತ ನಾವು ಕಬ್ಬಣ ಎತ್ತಿದ್ರ ನಾಳೆ ಅವರು ಉಪ್ಪ ಎತ್ತತಾರ. ಆಮ್ಯಾಲ ನನ್ನ ಮಂದಿ ಎಲ್ಲಿ ಹೋಗಬೇಕು?”

ಏಜೆಂಟ ನಡುವೆ ಬರಲು ಹೆದರಿದ. ಹಮಾಲರು ಕೈ ಕಟ್ಟಿ ಕೂತರೆ ಅವನ ತಂಬಾಕಿನ ಲಾರಿಗಳೂ ನಿಲ್ಲುತ್ತಿದ್ದವು. ಕೂಗಾಡಿ ಗಂಟಲು ಹರಿದುಕೊಂಡು ಬರಿಗೈಯಲ್ಲಿ ರಾಯಬಾಗಕ್ಕೆ ಮರಳಿದೆ.

ಗ್ಯಾರೇಜಿನಲ್ಲಿ ಸಿಸ್ಟರ್ ಕಾಯುತ್ತಿದ್ದರು. ಕಾರು ಕೆಟ್ಟಂದಿನಿಂದ ಮಾಸ್ತರನ್ನು ಬಾಡಿಗೆ ಜೀಪಿನಲ್ಲಿ ಮಿರಜಿಗೆ ಒಯ್ಯುತ್ತಿದ್ದರು. ಹೋದ ಸಲ ಬರುವಾಗ ಮಾಸ್ತರಿಗೆ ವಾಂತಿಯಾಗಿದೆ. ಜೀಪಿನವನು ಎಲ್ಲರೆದುರು ಬೈದು, ದಾರಿಯಲ್ಲೇ ಇಳಿಸಿ, ಅವರ ಕೈಯಿಂದಲೇ ಸೀಟು ಒರೆಸಿಸಿದ್ದಾನೆ. ಅಂದಿನಿಂದ ಮಾಸ್ತರು ಹಟ ಹಿಡಿದಿದ್ದಾರೆ: ನನ್ನ ಗಾಡಿ ಬಂದರೆ ಬರುತ್ತೇನೆ, ಇನ್ನೊಬ್ಬರ ಗಾಡಿ ಹತ್ತುವುದಿಲ್ಲ. ಆಗಲೇ ಡಯಾಲಿಸಿಸ್ಸಿನ ಒಂದು ಪಾಳಿ ತಪ್ಪಿತ್ತು.

“ಕಾಲು ಬಾತಾವ. ಮಲಗಿದ್ರ ಉಸಿರು ಹತ್ತತೈತಿ, ಕುಂತ ನಿದ್ದಿ ಮಾಡ್ತಾರ,” ಎಂದರು ಸಿಸ್ಟರ್. “ಹಿಂಗ ಇನ್ನೊಂದೆರಡು ಪಾಳಿ ತಪ್ಪಿದ್ರ ಅವರು ಉಳಿಯಂಗಿಲ್ಲ. ನಾ ನರ್ಸ್ ಅದೀನಿ, ನನಗ ಯಾರೂ ಬಿಡಿಸಿ ಹೇಳಬೇಕಿಲ್ಲ. ಎಂಜಿನ್ ಎಲ್ಲೈತಿ?”

ಹೇಳಿದೆ. ಟೋಳಿಗಳ ತಕರಾರನ್ನೂ ಹೇಳಿದೆ.

“ಮತ್ತ ನೀವು ಏನ್ ಮಾಡಿ ಬಂದ್ರಿ? ಬಾಯಿ ಮಾಡಿ ಬಂದ್ರಿ. ನಿಮ್ಮ ಬಾಯಿ ನಾನೂ ನೋಡೀನಿ. ನಾಳೆ ನಾ ಬರ್ತೀನಿ.”

ಅವಮಾನವಾಯಿತು. ಅವರು ಹೇಳಿದ್ದು ನಿಜವೇ ಆಗಿತ್ತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಮರುದಿನ ಟೆಂಪೋ ಹಿಡಿದು ಇಬ್ಬರೂ ಚಿಕ್ಕೋಡಿ ಮೇಲಿಂದ ನಿಪ್ಪಾಣಿಗೆ ಹೋದೆವು. ಎಂಜಿನು ಸಿಕ್ಕರೆ ಅಲ್ಲೇ ಪರೀಕ್ಷಿಸೋಣವೆಂದು ಪಾನಾದ ಪೆಟ್ಟಿಗೆ ಇಟ್ಟುಕೊಂಡಿದ್ದೆ. ಸುತ್ತಲು ಬೇಕಾಗಬಹುದೆಂದು ಸಿಸ್ಟರ್ ಹಳೆಯ ಹಾಸಿಗೆ ಬಟ್ಟೆಗಳ ಗಂಟು ತಂದಿದ್ದರು.

ಗೋದಾಮಿನಲ್ಲಿ ಸಿಸ್ಟರ್ ಬೇಡಿಕೊಳ್ಳಲಿಲ್ಲ. ನೇರವಾಗಿ ಮುಕಾದಮನೆದುರು ನಿಂತು, “ನನ್ನ ಗಂಡ ಸಾಯಾಕತ್ತಾನ. ನೀವು ರೂಢಿ ಹಿಡ್ಕೊಂಡ ಕುಂದರ್ರಿ,” ಎಂದರು. ಅವನ ಮುಖ ಕಪ್ಪಿಟ್ಟಿತು. ಆದರೂ ಜಾಗ ಬಿಟ್ಟು ಏಳಲಿಲ್ಲ.

ಅಷ್ಟರಲ್ಲಿ ಗಿರಾಕಿ ಹೆಂಗಸೊಬ್ಬಳು ಬಂದು, ಉಪ್ಪಿನ ಸಣ್ಣ ಚೀಲವೊಂದನ್ನು ತಲೆಯ ಮೇಲೆ ಇಟ್ಟುಕೊಂಡು ಮುಕಾದಮನ ಪಕ್ಕದಲ್ಲೇ ಹಾದು ಹೋದಳು. ಅವನು ತಲೆಯೆತ್ತಿಯೂ ನೋಡಲಿಲ್ಲ. ನಾನು ಕೆರಳಿ ಕೇಳಿದೆ. “ಆಕಿನ್ಯಾಕ ಬಿಟ್ಟಿ? ಆಕಿ ನಿಮ್ಮ ಟೋಳಿಯಾಕಿ ಏನು?”

“ತಮ್ಮ ಸಾಮಾನ ತಾವೊಬ್ಬರ ಹೊತ್ಕೊಂಡ ಹೋದ್ರ ಅದು ಹಮಾಲಿ ಅಲ್ಲ. ಇಬ್ಬರು ಕೈ ಹಚ್ಚಿದ್ರ ಹಮಾಲಿ. ಇದು ನಮ್ಮಪ್ಪನ ಕಾಲದಿಂದ ನಡದೈತಿ.”

ನಾನು ಎಂಜಿನಿನ ಕಡೆ ನೋಡಿದೆ. ಇಡಿಯಾಗಿ ಎತ್ತಲು ಮೂರು ಆಳಾದರೂ ಬೇಕು. ಬಿಚ್ಚಿದರೆ? ತೆರೆದ ಗೋದಾಮಿನಲ್ಲಿ, ಉಪ್ಪಿನ ನಡುವೆ ಎಂಜಿನು ಬಿಚ್ಚುವುದು ನನ್ನ ಕಸುಬಿನಲ್ಲಿ ಮಹಾಪಾಪ. ಒಂದು ಹರಳು ಬೇರಿಂಗಿನಲ್ಲಿ ಸಿಕ್ಕರೂ ಕೆಲಸ ಕೆಟ್ಟಂತೆ. ಆದರೆ ಹೇಗೂ ಒಂದು ಬಿರಡೆ ಕಳಚಿತ್ತು. ಒಳಗೆ ಉಪ್ಪುನೀರು ಇಳಿದಿದ್ದರೆ ತಡ ಮಾಡಿದಷ್ಟೂ ಸಿಲಿಂಡರಿನ ಗೋಡೆ ತಿಂದು ಹೋಗುತ್ತದೆ. ಪಾನಾದ ಪೆಟ್ಟಿಗೆ ತಂದು ರಾಶಿಯ ಪಕ್ಕ ಕುಕ್ಕಿದೆ.

“ಇಲ್ಲೇ ಬಿಚ್ಚತೀನಿ. ಒಂದೊಂದ ಸಾಮಾನ ಒಬ್ಬೊಬ್ಬರ ಹೊತ್ಕೊಂಡ ಹೋಗತೀವಿ. ನಿಂತ ನೋಡಕೋತ ಇರು.”

ಮುಕಾದಮ ಎದ್ದು ನಿಂತ. “ನೋಡೇ ನೋಡ್ತೀನಿ. ಇನ್ನೊಂದ ಕೈ ಹತ್ತಿದ್ರ ಅಲ್ಲೇ ಇಳಸಬೇಕು.”

ಮೊದಲು ಮೇಲಿನ ಉಪ್ಪನ್ನು ಒಣ ಬ್ರಶ್ಶಿನಿಂದ ಉಜ್ಜಿ ತೆಗೆದೆ. ಸಿಸ್ಟರ್ ಕೇಳದೆಯೇ ಬಟ್ಟೆಯೊಂದನ್ನು ನೆಲಕ್ಕೆ ಹಾಸಿದರು. ಮ್ಯಾನಿಫೋಲ್ಡು, ಟೈಮಿಂಗ್ ಬೆಲ್ಟು, ಕ್ಯಾಮ್ ಬಿಚ್ಚಿ ಕೊಟ್ಟಂತೆ ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿದರು. ಹೆಡ್ಡಿನ ಬೋಲ್ಟುಗಳನ್ನು ಹೊರ ತುದಿಯಿಂದ ಒಳಕ್ಕೆ, ಅಡ್ಡಡ್ಡ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು; ಅವಸರ ಮಾಡಿದರೆ ಹೆಡ್ಡು ಸೊಟ್ಟಗಾಗುತ್ತದೆ. ಸುತ್ತ ಹಮಾಲರು ಸೇರಿ, ಮಿಸ್ತ್ರಿಗೆ ಹುಚ್ಚು ಹಿಡಿದಿದೆ ಎಂದು ಮರಾಠಿಯಲ್ಲಿ ನಗುತ್ತಿದ್ದರು. ನನಗೆ ಮರಾಠಿ ಬರುವುದಿಲ್ಲವೆಂದು ತಿಳಿದಿದ್ದರೋ, ಬರುತ್ತದೆಂದು ತಿಳಿದೇ ಅನ್ನುತ್ತಿದ್ದರೋ ಗೊತ್ತಿಲ್ಲ.

ಹೆಡ್ಡು ಎದ್ದಿತು. ಮೂರು ಸಿಲಿಂಡರುಗಳು ನಾನು ಹಾಕಿದ ಎಣ್ಣೆಯಲ್ಲಿ ಹೊಳೆಯುತ್ತಿದ್ದವು. ನಾಲ್ಕನೆಯದರಲ್ಲಿ ಬಿಳಿ ಹೊಪ್ಪಳೆ ಕಟ್ಟಿತ್ತು. ಅದರ ಕೆಳಗೆ ಕೆಂಪು ಗೆರೆ.

“ಹೋತೇನು?” ಎಂದರು ಸಿಸ್ಟರ್. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅವರನ್ನು ಸಿಟ್ಟಿಲ್ಲದೆ ಕಂಡದ್ದು ಅದೇ ಮೊದಲು, ನನಗೆ ಭಯವಾಯಿತು.

ಹೊಪ್ಪಳೆ ಒರೆಸಿ, ಉಗುರನ್ನು ಆ ಕೆಂಪು ಗೆರೆಯ ಮೇಲೆ ಎಳೆದೆ. ಗೋಡೆ ತಿಂದು ಗುಂಡಿ ಬಿದ್ದಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ. ಆಗ ಬ್ಲಾಕು ಕೆಟ್ಟಂತೆ. ಮೇಲಿಂದ ಕೆಳಗೆ ಎಳೆದೆ, ಸುತ್ತಲೂ ಎಳೆದೆ. ಎಲ್ಲಿಯೂ ಸಿಕ್ಕಲಿಲ್ಲ. ಬರೀ ಮೇಲ್ಮೈಯ ತುಕ್ಕು.

“ಇಲ್ರಿ. ಉಳದೈತಿ.”

ಬೇರಿಂಗಿನ ಕ್ಯಾಪುಗಳು ಅದಲು ಬದಲಾಗದಂತೆ ಪಂಚಿನಿಂದ ಗುರುತು ಹೊಡೆದು, ಪಿಸ್ಟನ್ನುಗಳನ್ನು ಹೊರ ತಳ್ಳಿ, ಕ್ರ್ಯಾಂಕು ಎತ್ತಿದೆ. ಹೊರುವ ಕೆಲಸ ಸುರುವಾಯಿತು. ಹೆಡ್ಡು ನಾನು ಒಯ್ದೆ. ಕ್ರ್ಯಾಂಕನ್ನು ಬಟ್ಟೆಯಲ್ಲಿ ಸುತ್ತಿ ಸಿಸ್ಟರ್ ಎದೆಗವಚಿಕೊಂಡು ಹೊರಟರು. ಹಮಾಲನೊಬ್ಬ ಮರುಗಿ ಕೈ ಚಾಚಿದ. “ಮುಟ್ಟಬ್ಯಾಡ!” ಎಂದು ಸಿಸ್ಟರ್ ಮತ್ತು ಮುಕಾದಮ ಒಟ್ಟಿಗೇ ಕೂಗಿದರು.

ಕೊನೆಗೆ ಉಳಿದದ್ದು ಬರೀ ಬ್ಲಾಕು. ನಾನು ಐವತ್ತರ ಹತ್ತಿರದವನು, ಸೊಂಟ ಮೊದಲೇ ದುರ್ಬಲ. ಮೊಣಕಾಲಿಗೆ ಎತ್ತಿ, ಅಲ್ಲಿಂದ ಹೊಟ್ಟೆಗೆ, ಹೊಟ್ಟೆಯಿಂದ ಹೆಗಲಿಗೆ ಏರಿಸಿದೆ. ನೆಲದ ಮೇಲೆ ಉಪ್ಪು ಕರಗಿ ಕೆಸರಾಗಿತ್ತು. ಕಾಲು ಜಾರಿತು, ಹೇಗೋ ನಿಂತುಕೊಂಡೆ. ಮುಕಾದಮ ಬೈಯುತ್ತ ಬಂದು ನನ್ನ ಮುಂದೆ ಖಾಲಿ ಚೀಲಗಳನ್ನು ಬಾಗಿಲವರೆಗೂ ಎಸೆದು ಹಾಸಿದ. ಅವನ ಟೋಳಿಯವನೇ ಯಾರೋ ತಕರಾರು ತೆಗೆದಾಗ, “ಸಾಮಾನ ಮುಟ್ಟಿಲ್ಲ, ನೆಲಾ ಮುಟ್ಟೀನಿ. ಇಲ್ಲಿ ಬಿದ್ದು ಸತ್ರ ಯಾರ ಕೊರಳಿಗೆ?” ಎಂದು ಅವನನ್ನೂ ಗದರಿಸಿದ. ನಾನು ಅವನಿಗೆ ಉಪಕಾರ ಹೇಳಲಿಲ್ಲ. ಹೇಳಿದರೆ ಅದಕ್ಕೂ ಬೈಯುತ್ತಿದ್ದ.

ಗ್ಯಾರೇಜಿಗೆ ಬಂದವನೇ ನೀರು ಕಾಯಿಸಿದೆ. ನನ್ನ ಕೈಕೆಳಗಿನ ಮೆಕ್ಯಾನಿಕ್ ಡೀಸೆಲ್‌ನಲ್ಲಿ ತೊಳೆಯೋಣ ಎಂದ. ಡೀಸೆಲ್‌ಗೆ ಜಿಡ್ಡು ಹೋಗುತ್ತದೆಯೇ ಹೊರತು ಉಪ್ಪು ಹೋಗುವುದಿಲ್ಲ. ಅದು ಕರಗುವುದು ನೀರಿಗೇ. ಕುದಿಯುವ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಕೂಡಲೇ ಗಾಳಿ ಹೊಡೆದು ಒಣಗಿಸಿ, ಎಣ್ಣೆ ಸವರಿದೆವು. ತೊಳೆದ ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದೆ, ಸಪ್ಪೆ ಅನ್ನಿಸುವವರೆಗೂ ಬಿಡಲಿಲ್ಲ. ನಾಲ್ಕನೆಯ ಸಿಲಿಂಡರಿಗೆ ಹೋನಿಂಗ್ ಕಲ್ಲು ಹಾಕಿ ತುಕ್ಕು ಬಿಡಿಸಿದೆ. ಹೊಸ ರಿಂಗು, ಹೊಸ ಗ್ಯಾಸ್ಕೆಟ್ಟು ಹಾಕಿ ಕೂಡಿಸಿದೆ. ಕಾರಿಗೆ ಇಳಿಸಿ ಚಾವಿ ತಿರುಗಿಸಿದರೆ ಕೆಮ್ಮಿತು, ನಿಂತಿತು. ಇಗ್ನಿಶನ್ ಟೈಮಿಂಗು ಸ್ವಲ್ಪ ಹಿಂದೆ ಸರಿಸಿದೆ. ಈ ಸಲ ಬಿಳಿ ಹೊಗೆ ಬಿಟ್ಟು, ಆಮೇಲೆ ತಿಳಿಯಾಗಿ, ಒಂದೇ ಸಮನೆ ಓಡಿತು. ಈ ನಡುವೆ ಮಾಸ್ತರಿಗೆ ಇನ್ನೊಂದು ಪಾಳಿ ತಪ್ಪಿತ್ತು.

ಮರುದಿನ ಬೆಳಗ್ಗೆ ಸಿಸ್ಟರ್ ಸ್ಟಿಯರಿಂಗ್ ಹಿಡಿದರು, ಎಂಜಿನಿನ ಸದ್ದು ಕೇಳಿಕೊಂಡು ನಾನು ಪಕ್ಕದಲ್ಲಿ ಕೂತೆ. ಪಾಲಬಾವಿಯ ಹತ್ತಿರ ಅವರ ಮನೆ ಮುಂದೆ ನಿಲ್ಲಿಸಿದಾಗ ಮಾಸ್ತರು ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮುಖ ಊದಿ ಗುರುತು ಹತ್ತದಂತಾಗಿತ್ತು. ನಾನು ಇಳಿದು ಹಿಂದಿನ ಬಾಗಿಲು ತೆರೆದೆ. ಅವರು ಕಾರನ್ನು ನೋಡಲಿಲ್ಲ, ನನ್ನನ್ನೇ ನೋಡಿದರು.

“ನಿನಗೊಂದು ಸುಳ್ಳ ಹೇಳಾಕ ಬರಲಿಲ್ಲೇನ್ ಮಿಸ್ತ್ರಿ? ಎಂಜಿನ್ ಕೆಟ್ಟಹೋತು ಅಂದಿದ್ರ ಮುಗೀತಿತ್ತು. ನಾ ಇಲ್ಲೇ ಸುಮ್ಮ ಕುಂತಿರ್ತಿದ್ನಿ.”

ಅಷ್ಟು ದಿನ ನಾನು ಜಗಳಾಡಿದ್ದು ಗುಜರಿಯವನ ಜೊತೆ, ಏಜೆಂಟನ ಜೊತೆ, ಹಮಾಲರ ಜೊತೆ. ಎಂಜಿನು ಬಾರದಿರಲಿ ಎಂದು ಇಲ್ಲಿ ಈ ಕಟ್ಟೆಯ ಮೇಲೆ ಒಬ್ಬರು ದಾರಿ ಕಾಯುತ್ತಿದ್ದರು. ಸಿಸ್ಟರ್‌ಗೆ ಅದು ಮೊದಲಿಂದಲೂ ಗೊತ್ತಿತ್ತು ಎಂದು ಅವರ ಮುಖ ನೋಡಿ ತಿಳಿಯಿತು. ಅವರು ಎಂಜಿನು ಬಂದ್ ಮಾಡಿರಲಿಲ್ಲ. ಕೈ ಸ್ಟಿಯರಿಂಗಿನ ಮೇಲೇ ಇತ್ತು.

“ಹತ್ರಿ,” ಎಂದರು ಅಷ್ಟೇ.

ಮಾಸ್ತರು ಗೋಡೆ ಹಿಡಿದು ಎದ್ದರು. ಬಾತ ಕಾಲಿಗೆ ಚಪ್ಪಲಿ ಹಿಡಿಸಲಿಲ್ಲ, ಬರಿಗಾಲಲ್ಲೇ ಬಂದರು. ನಾನು ತೋಳು ಕೊಡಲು ಹೋದರೆ ಕೊಡವಿದರು. ಬೈಯುತ್ತಲೇ ಸೀಟಿನ ಮೇಲೆ ಕೂತು, ಒಂದೊಂದಾಗಿ ಕಾಲು ಒಳಗೆಳೆದುಕೊಂಡರು. ತಡವಾಗುತ್ತದೆಂದು ನಾನು ಬಾಗಿಲನ್ನು ದಡಕ್ಕನೆ ಹಾಕಿದೆ.

ಗಾಜು ಇಳಿಸಿ ಮಾಸ್ತರು ನನ್ನ ಮೇಲೆ ಕಿಡಿಕಾರಿದರು. “ಸಾವಕಾಶ ಹಾಕಲೇ ಬಾಗಲಾ! ನನ್ನ ಗಾಡಿ ಐತಿ ಅದು.”